ಶುಗರ್ ಇತ್ತಾ? ಬಿಪಿ ಇತ್ತಾ?

ಭಾವ ಹೋದ ಮರುದಿನದಿಂದ ಅಕ್ಕನ ಮನೆಯ ಜಗುಲಿಯಲ್ಲಿ ಕೂತು, ಬಂದವರನ್ನು ಒಳಗೆ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಕ ಅಂದರೆ ದೊಡ್ಡಮ್ಮನ ಮಗಳು. ಭಾವನಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ರಾತ್ರಿ ಉಂಡು ಮಲಗಿದವರು ಬೆಳಗಿನ ಜಾವ ಎದ್ದು ಎದೆ ಉರಿ ಅಂದರು. ಅಕ್ಕ ಮಜ್ಜಿಗೆ ಕೊಟ್ಟಳು. ಕುಡಿದರು. ಆಮೇಲೆ ಬೆವರು ಶುರುವಾಯಿತು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಎಲ್ಲ ಮುಗಿದಿತ್ತು. ನಮ್ಮ ಮಂಡ್ಯದ ಕಡೆ ಇಂಥ ಮನೆಗೆ ಮಾತಾಡಿಸಲು ಬರುವವರ ಸಾಲು ತಿಥಿಯವರೆಗೂ ನಿಲ್ಲುವುದಿಲ್ಲ. ಮಂಗಳವಾರ, ಶುಕ್ರವಾರ ಮಾತ್ರ ಸ್ವಲ್ಪ ಬಿಡುವು. ಬಂದವರು ಚಪ್ಪಲಿ ಬಿಡುತ್ತಾರೆ, ಚಾಪೆಯ ತುದಿಯಲ್ಲಿ ಕೂರುತ್ತಾರೆ, ಫೋಟೋ ನೋಡುತ್ತಾರೆ, ಒಂದು ನಿಟ್ಟುಸಿರು ಬಿಡುತ್ತಾರೆ. ಆಮೇಲೆ ಗಂಟಲು ಸರಿ ಮಾಡಿಕೊಂಡು ಕೇಳುತ್ತಾರೆ: "ಶುಗರ್ ಇತ್ತಾ?"

ಇಲ್ಲ ಅಂದರೆ "ಬಿಪಿ?" ಅದೂ ಇಲ್ಲ ಅಂದರೆ ಮುಖದಲ್ಲಿ ಒಂದು ಥರದ ಕಳವಳ. ಸಿಗರೇಟು ಸೇದ್ತಿದ್ರಾ? ಹೆಬ್ಬೆರಳನ್ನು ಬಾಯಿಯ ಹತ್ತಿರ ತಂದು, ಇದೇನಾದ್ರೂ? ಟೆನ್ಷನ್ ಜಾಸ್ತಿ ಇತ್ತಾ? ಇಸಿಜಿ ಮಾಡಿಸಿರಲಿಲ್ವಾ? ಹಿಂದಿನ ದಿನ ಏನು ಊಟ? ಎರಡು ದಿನ ಮುಂಚೆ ಯಾರದೋ ಮನೆಯ ಬೀಗರೂಟಕ್ಕೆ ಹೋಗಿದ್ದರು ಅನ್ನುವ ವಿಷಯ ಹೇಗೋ ಹೊರಗೆ ಬಂತು. ಅದನ್ನು ಕೇಳಿದ ದೂರದ ನೆಂಟರೊಬ್ಬರು "ಹಾಂ... ಅದೇ ಮತ್ತೆ" ಅಂದರು. ಅವರು ಕೆಟ್ಟವರಲ್ಲ. ಬಂದ ಕ್ಷಣದಲ್ಲಿ ಕಣ್ಣು ಒರೆಸಿಕೊಂಡಿದ್ದೂ ನಿಜ. ಆದರೆ ಆ "ಹಾಂ" ಅಂದಾಗ ಅವರ ಭುಜ ಸಡಿಲ ಆಗಿದ್ದನ್ನು ನಾನು ಎದುರಿಗೇ ಕೂತು ನೋಡಿದೆ. ಕಾರಣ ಸಿಕ್ಕಿತು. ಇನ್ನು ಅವರು ನಿರಾಳವಾಗಿ ಕಾಫಿ ಕುಡಿಯಬಹುದು.

ನನ್ನನ್ನು ಇವತ್ತಿಗೂ ಕಾಡುವುದು ಆ ಪ್ರಶ್ನೆಗಳಿಗಿಂತ ಅಕ್ಕನ ಉತ್ತರಗಳು. ಮೊದಲ ದಿನ ಅವಳು ಕಥೆಯನ್ನು ಎಲ್ಲಿಂದಲೋ ಶುರು ಮಾಡಿ ಎಲ್ಲಿಗೋ ಮುಗಿಸುತ್ತಿದ್ದಳು. ಮಧ್ಯೆ ಮಗನ ಫೀಸು, ನೀರಿನ ಟ್ಯಾಂಕು, ಭಾವ ಹಾಕಿಕೊಂಡಿದ್ದ ಹಳೇ ಸ್ವೆಟರು, ಏನೇನೋ ಬರುತ್ತಿತ್ತು. ಹಾಲು ತುಪ್ಪದ ಹೊತ್ತಿಗೆ ಅವಳ ಮಾತು ಒಂದು ಹದಕ್ಕೆ ಬಂದಿತ್ತು. ಯಾರಾದರೂ ಕೂತ ತಕ್ಷಣ ತಾನೇ ಶುರು ಮಾಡುತ್ತಿದ್ದಳು. "ಅವರಿಗೆ ಏನೂ ಇರಲಿಲ್ಲ ಚಿಕ್ಕಪ್ಪ. ಮೊನ್ನೆ ಮೊನ್ನೆ ತಾನೆ ಟೆಸ್ಟ್ ಮಾಡಿಸಿದ್ವಿ. ಬೀಡಿ ಸಿಗರೇಟು ಮುಟ್ಟಿದೋರಲ್ಲ. ಎದೆ ಉರಿ ಅಂದ ತಕ್ಷಣ ನಾನು ಕಾರು ಕರೆಸಿದೆ. ಒಂದು ನಿಮಿಷ ತಡ ಮಾಡಲಿಲ್ಲ." ಮಜ್ಜಿಗೆ ಕಥೆಯಿಂದ ಮಾಯವಾಗಿತ್ತು. "ಎದೆ ಉರಿಗೆ ಮಜ್ಜಿಗೆ ಯಾಕೆ ಕೊಟ್ಟೆ? ಸೀದಾ ಆಸ್ಪತ್ರೆಗೆ ಹೋಗಬೇಕಿತ್ತು" ಅಂತ ಇಬ್ಬರು ಮೂವರು ಕೇಳಿದ್ದರು. ಗಂಡನನ್ನು ಕಳೆದುಕೊಂಡು ವಾರವೂ ಆಗದ ಹೆಂಗಸು ಚಾಪೆಯ ಮೇಲೆ ಕೂತು ದಿನಕ್ಕೆ ಹತ್ತಾರು ಸಲ ಸಾಕ್ಷಿ ಹೇಳುತ್ತಿದ್ದಳು. ಒಮ್ಮೆ ಅವರ ಪರವಾಗಿ, ಒಮ್ಮೆ ತನ್ನ ಪರವಾಗಿ.

ಜಯದೇವದ ಮುಂದಿನ ಸಾಲು

ಈ ಪ್ರಶ್ನೆಗಳೆಲ್ಲ ಹಳ್ಳಿಯ ಜನದ ಕುತೂಹಲ, ಅಷ್ಟೇ ಅಂತ ತಳ್ಳಿಹಾಕುವ ಹಾಗಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಇಡೀ ಕರ್ನಾಟಕ ಇದನ್ನೇ ಕೇಳಿತು. 46 ವರ್ಷ. ಕಣ್ಣೆದುರಿಗೆ ಕುಣಿಯುತ್ತಿದ್ದ ಮನುಷ್ಯ. ಕಂಠೀರವ ಕ್ರೀಡಾಂಗಣದಲ್ಲಿ ಕೊನೆಯ ಸಲ ನೋಡಲು ಬಂದವರ ಸಾಲಿಗೆ ಕೊನೆಯೇ ಇರಲಿಲ್ಲ. ಅತ್ತವರೆಲ್ಲ ನಿಜವಾಗಿಯೇ ಅತ್ತರು, ಅದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಆದರೆ ಅದೇ ಸಂಜೆಯಿಂದ ಹೋಟೆಲು, ಬಸ್ಸು, ಆಫೀಸು ಎಲ್ಲ ಕಡೆ ಇನ್ನೊಂದು ಮಾತು ಶುರುವಾಯಿತು. ಜಿಮ್ ಜಾಸ್ತಿ ಮಾಡ್ತಿದ್ರಂತೆ. ನಿದ್ದೆ ಕಮ್ಮಿಯಂತೆ. ಅವರ ಮನೆತನದಲ್ಲೇ ಇದೆಯಂತೆ. ಮುಂದಿನ ದಿನಗಳಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಗೆ ತಪಾಸಣೆಗೆ ಬರುವವರ ಸಂಖ್ಯೆ ಏಕಾಏಕಿ ಏರಿತು. ಗಟ್ಟಿಮುಟ್ಟಾಗಿದ್ದ ಯುವಕರು ಇಸಿಜಿಗೆ ನಿಂತರು. ಜಿಮ್‌ಗೆ ಹೋಗುವುದನ್ನು ಬಿಟ್ಟವರೂ ಇದ್ದರು. ನನ್ನ ಗೆಳೆಯನೊಬ್ಬ ಹಾಗೆ ಬಿಟ್ಟು ಈಗ ಎಂಟು ಕೆಜಿ ದಪ್ಪ ಆಗಿದ್ದಾನೆ. ಅದು ಬೇರೆ ಕಥೆ.

2025ರ ಮೇ, ಜೂನ್‌ನಲ್ಲಿ ಹಾಸನದಲ್ಲೂ ಇದೇ ಆಯಿತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅಂತ ಸುದ್ದಿ ಬಂತು. ಟಿವಿಯಲ್ಲಿ ದಿನಾ ಒಂದು ಹೊಸ ಫೋಟೋ, ಪಕ್ಕದಲ್ಲಿ ಎಷ್ಟನೆಯ ಸಾವು ಅನ್ನುವ ಲೆಕ್ಕ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತರು. ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರ ಸಮಿತಿ ಆಮೇಲೆ ಎಲ್ಲವನ್ನೂ ಪರಿಶೀಲಿಸಿ, ಹಾಸನದಲ್ಲಿ ಹೃದಯಾಘಾತದ ಸಾವುಗಳು ವಿಪರೀತ ಹೆಚ್ಚಾಗಿಲ್ಲ ಅಂತ ಹೇಳಿತು. ಆ ಹೊತ್ತಿಗೆ ಸತ್ತವರ ಮನೆಯ ಕಥೆ ಯಾರಿಗೂ ಬೇಕಾಗಿರಲಿಲ್ಲ. ಎಲ್ಲರೂ ಅವರವರ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದರು.

ತಪಾಸಣೆ ಮಾಡಿಸಿಕೊಳ್ಳುವುದು ತಪ್ಪಲ್ಲ, ಒಳ್ಳೆಯದೇ. ನಾನು ಹೇಳುತ್ತಿರುವುದು ಇಷ್ಟು: ಇನ್ನೊಬ್ಬರ ದುಃಖದ ಸುದ್ದಿ ಕಿವಿಗೆ ಬಿದ್ದ ಕ್ಷಣದಲ್ಲೇ ನಮ್ಮೊಳಗೆ ಯಾವುದೋ ಒಂದು "ಹಾಗಾದರೆ ನಾನು?" ಅಂತ ಎದ್ದು ಕೂರುತ್ತದೆ. "ಶುಗರ್ ಇತ್ತಾ" ಅಂತ ಕೇಳುವವನಿಗೆ ಇದೆ ಅಂತ ಉತ್ತರ ಬೇಕಾಗಿರುತ್ತದೆ, ಯಾಕೆಂದರೆ ಅವನಿಗೆ ಶುಗರ್ ಇಲ್ಲ. ಹಾಗಂತ ಅಪ್ಪು ಸಾವಿಗೆ ಜನ ಬರೀ ಹೆದರಿದರು ಅಂದರೂ ಅನ್ಯಾಯ ಆಗುತ್ತದೆ. ಅವರ ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಅದನ್ನು ಕೇಳಿ ನೇತ್ರದಾನಕ್ಕೆ ಹೆಸರು ಬರೆಸಲು ಸಾವಿರಾರು ಜನ ಮುಂದೆ ಬಂದರು. ಅದೇ ಜನ, ಅದೇ ವಾರ. ಒಂದೇ ಸುದ್ದಿ ಒಬ್ಬನನ್ನು ಇಸಿಜಿಯ ಸಾಲಿಗೆ ಕಳಿಸಿತು, ಇನ್ನೊಬ್ಬನನ್ನು ಕಣ್ಣಿನ ಆಸ್ಪತ್ರೆಗೆ. ಎರಡೂ ಕಡೆ ಹೋದವರೂ ಇದ್ದಾರೆ, ನಮ್ಮ ಬೀದಿಯ ಆಟೋದವರು ಅದರಲ್ಲಿ ಒಬ್ಬರು.

ತಪ್ಪು ಯಾರದ್ದಾದರೂ ಇರಲೇಬೇಕು

1966ರಲ್ಲಿ ಅಮೆರಿಕದಲ್ಲಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಕಾಲೇಜು ಹುಡುಗಿಯರ ಎದುರಿಗೆ ಒಬ್ಬಳು ಪಾಠ ಕಲಿಯುತ್ತಾಳೆ, ಉತ್ತರ ತಪ್ಪಾದಾಗ ಅವಳಿಗೆ ಕರೆಂಟ್ ಶಾಕ್. ನಿಜಕ್ಕೂ ಶಾಕ್ ಇರಲಿಲ್ಲ, ಎಲ್ಲ ನಟನೆ, ಆದರೆ ನೋಡುವವರಿಗೆ ಅದು ಗೊತ್ತಿರಲಿಲ್ಲ. ಅವಳ ಹಿಂಸೆ ನಿಲ್ಲಿಸುವ ದಾರಿ ತಮಗಿದೆ ಅಂದಾಗ ಈ ಹುಡುಗಿಯರಿಗೆ ಅವಳ ಬಗ್ಗೆ ಕೆಟ್ಟ ಅಭಿಪ್ರಾಯ ಅಷ್ಟಾಗಿ ಬರಲಿಲ್ಲ. ಏನೂ ಮಾಡುವ ಹಾಗಿಲ್ಲ, ಸುಮ್ನೆ ನೋಡ್ತಾ ಕೂರಬೇಕು ಅಂದಾಗ ಮಾತ್ರ ಅವಳನ್ನೇ ಕೀಳಾಗಿ ನೋಡಲು ಶುರು ಮಾಡಿದರು. ಅದಕ್ಕಿಂತ ವಿಚಿತ್ರ ಇನ್ನೊಂದಿದೆ. ಅವಳು ಇವರಿಗೋಸ್ಕರವೇ, ಇವರಿಗೆ ಅಂಕ ಸಿಗಲಿ ಅಂತ ನೋವು ತಿನ್ನಲು ಒಪ್ಪಿಕೊಂಡಳು ಅಂತ ಹೇಳಿದಾಗ ಅವಳ ಮೇಲಿನ ಅಸಡ್ಡೆ ಇನ್ನೂ ಜಾಸ್ತಿ ಆಯಿತು. ಲರ್ನರ್ ಹೇಳಿದ್ದು ಇದು: ಜಗತ್ತು ನ್ಯಾಯವಾಗಿದೆ, ಅವರವರಿಗೆ ತಕ್ಕದ್ದು ಸಿಗುತ್ತದೆ ಅಂತ ನಂಬದೆ ನಮಗೆ ಬದುಕಲು ಕಷ್ಟ. ಆ ನಂಬಿಕೆ ಅಲುಗಾಡಿದರೆ ನಂಬಿಕೆಯನ್ನು ಬಿಡುವ ಬದಲು ನೊಂದವರಲ್ಲೇ ತಪ್ಪು ಹುಡುಕುತ್ತೇವೆ.

ಇದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಾಗಿರಲಿಲ್ಲ ಬಿಡಿ. "ಪಡ್ಕೊಂಡು ಬಂದಿದ್ದು ಅಷ್ಟೇ" ಅಂತ ನಮ್ಮಲ್ಲಿ ಹೇಳುತ್ತಲೇ ಇರುತ್ತಾರೆ. ಹಣೆಬರಹ, ಋಣ, ಹಿಂದಿನ ಜನ್ಮ. ಈ ಮಾತುಗಳು ನನಗೆ ಚಿಕ್ಕಂದಿನಿಂದ ಇಷ್ಟ ಇಲ್ಲ. ಆದರೂ ಒಂದು ವಿಷಯದಲ್ಲಿ ಇವು ಲ್ಯಾಬ್ ರಿಪೋರ್ಟ್ ಕೇಳುವವರಿಗಿಂತ ವಾಸಿ ಅನ್ನಿಸುತ್ತದೆ. ತಪ್ಪು ಹಿಂದಿನ ಜನ್ಮದ್ದಾದರೆ ಅದಕ್ಕೆ ಯಾರೂ ರಸೀದಿ ತೋರಿಸಬೇಕಾಗಿಲ್ಲ. ಮಜ್ಜಿಗೆ ಕೊಟ್ಟಿದ್ದು ಸರಿಯೋ ತಪ್ಪೋ ಅನ್ನುವ ಪ್ರಶ್ನೆ ಏಳುವುದಿಲ್ಲ. ಆದರೆ ಅದೇ ಬಾಯಲ್ಲಿ "ಕಾಲ್ಗುಣ" ಅನ್ನುವ ಮಾತೂ ಬರುತ್ತದಲ್ಲ, ಅಲ್ಲಿಗೆ ಈ ವಾಸಿತನ ಮುಗಿಯಿತು. ಹಿಂದಿನ ಜನ್ಮದ ತಪ್ಪು ಸುತ್ತಿ ಬಳಸಿ ಬಂದು ಉಳಿದುಕೊಂಡ ಹೆಂಗಸಿನ ತಲೆಯ ಮೇಲೇ ಕೂರುತ್ತದೆ.

ಕೊರೊನಾ ಎರಡನೇ ಅಲೆಯಲ್ಲಿ ಫೋನು ಮಾಡಿದವರು ಕೇಳುತ್ತಿದ್ದಿದ್ದು ನೆನಪಿದೆ ಅಲ್ವಾ? ವ್ಯಾಕ್ಸಿನ್ ಹಾಕಿಸಿರಲಿಲ್ವಾ? ಯಾರದ್ದಾದ್ರೂ ಮದುವೆಗೆ ಹೋಗಿದ್ರಾ? ಆಮ್ಲಜನಕ ಇಲ್ಲದೆ, ಹಾಸಿಗೆ ಸಿಗದೆ ಜನ ಸಾಯುತ್ತಿದ್ದ ತಿಂಗಳಲ್ಲೂ ನಮಗೆ ಸತ್ತವರು ಮಾಸ್ಕ್ ಸರಿಯಾಗಿ ಹಾಕಿದ್ದರೋ ಇಲ್ಲವೋ ಗೊತ್ತಾಗಬೇಕಿತ್ತು.

ಕಡತದೊಳಗಿನ ಕಥೆ

ಮನೆಗೆ ಬಂದವರ ಬಾಯಲ್ಲಿ ಬರುವ ಪ್ರಶ್ನೆಗಳಿಗೆ ಒಂದು ಸರ್ಕಾರಿ ನಮೂನೆಯೂ ಇದೆ. 2015ರಲ್ಲಿ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ರೈತರು ಆತ್ಮಹತ್ಯೆ ಮಾಡಿಕೊಂಡರು. ಮಂಡ್ಯದ ಕಬ್ಬಿನ ಸೀಮೆಯಲ್ಲಿ ಆ ವರ್ಷ ಪೇಪರ್ ತೆರೆಯಲು ಭಯ ಆಗುತ್ತಿತ್ತು. ಅದೇ ವರ್ಷ ಸರ್ಕಾರ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಆ ಹಣ ಬರಬೇಕಾದರೆ ಉಪವಿಭಾಗಾಧಿಕಾರಿಯ, ಜನರ ಬಾಯಲ್ಲಿ ಎಸಿ ಸಾಹೇಬರ, ಸಮಿತಿ ಒಪ್ಪಬೇಕು. ಇದು ಕೃಷಿ ಸಾಲದ ಕಾರಣಕ್ಕೇ ಆದ ಸಾವು ಅಂತ ತೀರ್ಮಾನ ಆಗಬೇಕು. ನಮ್ಮೂರಿನ ಒಬ್ಬ ಹೆಂಗಸಿನ ಜೊತೆ ಅವಳ ಮೈದುನನಿಗೆ ಬರಲಾಗದ ದಿನ ನಾನು ಕಚೇರಿಗೆ ಹೋಗಿದ್ದೆ. ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಎಫ್‌ಎಸ್‌ಎಲ್ ಅಂದರೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ, ಪಹಣಿ, ವಂಶವೃಕ್ಷ, ಸೊಸೈಟಿ ಸಾಲದ ಕಾಗದ, ಎಲ್ಲವನ್ನೂ ಒಂದು ಬಟ್ಟೆ ಅಂಗಡಿಯ ಕವರಿನಲ್ಲಿ ಹಾಕಿಕೊಂಡು ಬಂದಿದ್ದಳು.

ತೊಡಕು ಎರಡಿತ್ತು. ಜಮೀನು ಇನ್ನೂ ಮಾವನ ಹೆಸರಿನಲ್ಲೇ ಇತ್ತು, ಮಾವ ಸತ್ತು ಎಷ್ಟೋ ವರ್ಷ ಆಗಿದ್ದರೂ ಪೌತಿ ಖಾತೆ ಮಾಡಿಸಿ ವಾರಸುದಾರರ ಹೆಸರಿಗೆ ಬದಲಾಯಿಸಿರಲಿಲ್ಲ. ಇನ್ನೊಂದು, ಸೊಸೈಟಿಯ ಸಾಲ ಸಣ್ಣದು, ನಿಜವಾಗಿ ಕುತ್ತಿಗೆ ಹಿಡಿದಿದ್ದು ಕೈಸಾಲ. ಕೈಸಾಲಕ್ಕೆ ಚೀಟಿ ಎಲ್ಲಿಂದ ತರುವುದು? ಕೊಟ್ಟವನು ಬಡ್ಡಿಯ ಲೆಕ್ಕವನ್ನು ತನ್ನ ಪಾಕೆಟ್ ಪುಸ್ತಕದಲ್ಲಿ ಬರೆದುಕೊಂಡಿರುತ್ತಾನೆ, ಅದನ್ನು ಯಾವ ಕಚೇರಿಗೂ ತಂದು ತೋರಿಸುವುದಿಲ್ಲ. ಮೇಜಿನ ಆಚೆ ಕೂತ ಗುಮಾಸ್ತ ಕೆಟ್ಟದಾಗಿಯೇನೂ ಮಾತಾಡಲಿಲ್ಲ. ಕುಡೀತಿದ್ರಾ ಅಂತ ಕೇಳಿದ. ಮನೆಯಲ್ಲಿ ಜಗಳ ಇತ್ತಾ ಅಂತ ಕೇಳಿದ. ಹಬ್ಬದ ದಿನ ಒಂಚೂರು ಅಂದಳು ಅವಳು, ನಿಜವನ್ನೇ. ಹೊರಗೆ ಬಂದ ಮೇಲೆ ಅಲ್ಲಿದ್ದ ಇನ್ನೊಬ್ಬ ಹೆಂಗಸು, ಇದೇ ಕೆಲಸಕ್ಕೆ ಬಂದವಳು, ಗದರಿದ ಹಾಗೆ ಹೇಳಿದಳು: "ಹಂಗೆಲ್ಲಾ ಹೇಳ್ಬಾರ್ದು ಕಣವ್ವಾ. ಸಾಲ, ಬೆಳೆ, ಸಾಲ, ಬೆಳೆ. ಅಷ್ಟೇ ಹೇಳು."

ಸರ್ಕಾರ ಸುಮ್ಮನೆ ಎಲ್ಲರಿಗೂ ಹಣ ಹಂಚಲಾಗದು, ತನಿಖೆ ಬೇಕು, ಒಪ್ಪುತ್ತೇನೆ. ಸುಳ್ಳು ಕಡತಗಳೂ ಬರುತ್ತವೆ ಅಂತ ಗುಮಾಸ್ತ ಹೇಳಿದ್ದೂ ಸುಳ್ಳಿರಲಾರದು. ಆದರೆ ಒಬ್ಬ ಮನುಷ್ಯ ಹೋದ ಕಥೆ ಯಾವಾಗಲೂ ಒಂದೇ ಕಾರಣದಲ್ಲಿ ನಿಲ್ಲುವುದಿಲ್ಲ. ಸಾಲ ಇರುತ್ತದೆ, ಅವಮಾನ ಇರುತ್ತದೆ, ಬತ್ತಿದ ಬೋರ್‌ವೆಲ್ ಇರುತ್ತದೆ, ಸ್ವಲ್ಪ ಕುಡಿತವೂ ಇರುತ್ತದೆ, ಹೆಂಡತಿಯ ಹತ್ತಿರ ಆಡಿದ ಮಾತೂ ಇರುತ್ತದೆ. ಹೇಳುವವಳು ಇವನ್ನೆಲ್ಲ ಬಿಟ್ಟು ಕಡತಕ್ಕೆ ಹೊಂದುವಷ್ಟನ್ನೇ ಹೇಳಲು ಕಲಿಯಬೇಕು. ಅಕ್ಕ ಚಾಪೆಯ ಮೇಲೆ ಕಲಿತಿದ್ದೂ ಇದನ್ನೇ.

 

ಬೀದಿಯಿಂದಲೇ ಅಳುತ್ತಾ ಬಂದ ಅಜ್ಜಿ

ಭಾವನ ಮನೆಗೆ ಬಂದವರಲ್ಲಿ ಏನನ್ನೂ ಕೇಳದವರು ಒಬ್ಬರಿದ್ದರು. ಪಕ್ಕದ ಊರಿನ ಅಜ್ಜಿ, ಯಾವ ಕಡೆಯಿಂದ ನೆಂಟರು ಅಂತ ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಬೀದಿಯ ತಿರುವಿನಲ್ಲೇ ಅವರ ದನಿ ಕೇಳಿಸಿತು. ಹಾಡಿಕೊಂಡು ಅಳುವುದು ಅಂತಾರಲ್ಲ, ಅದು. ಸೀದಾ ಒಳಗೆ ಬಂದು ಅಕ್ಕನ ಕುತ್ತಿಗೆ ತಬ್ಬಿ ಕೂತರು. "ಅಯ್ಯೋ ನನ್ನವ್ವಾ, ನಿನ್ನ ತಲೆಬಾಗಿಲು ಬರಿದಾಯ್ತಲ್ಲವ್ವಾ" ಅಂತ ಶುರುವಾಗಿದ್ದು ಸ್ವಲ್ಪ ಹೊತ್ತಿಗೆ ಬೇರೆ ಕಡೆ ತಿರುಗಿತು. "ನನ್ನ ಮಗ ಮುದ್ದೆ ಉಣ್ಣಕ್ಕೆ ಬತ್ತೀನಿ ಅಂದಿದ್ನಲ್ಲವ್ವಾ, ನಾಲೆ ನುಂಗ್ಕೊಂಡ್ತಲ್ಲವ್ವಾ." ವಿ.ಸಿ. ಅಂದರೆ ವಿಶ್ವೇಶ್ವರಯ್ಯ ನಾಲೆಯಲ್ಲಿ ಮುಳುಗಿ ಹೋದ ಮಗ. ಅದು ಆಗಿ ಮೂವತ್ತು ವರ್ಷದ ಮೇಲಾಗಿದೆ ಅಂತ ಆಮೇಲೆ ದೊಡ್ಡಮ್ಮ ಹೇಳಿದರು. ಅಕ್ಕ ಅಜ್ಜಿಯ ಭುಜದ ಮೇಲೆ ತಲೆ ಇಟ್ಟು ಅತ್ತಳು. ಅಷ್ಟು ದಿನದಲ್ಲಿ ಅವಳು ಹಾಗೆ ಅತ್ತಿದ್ದನ್ನು ನಾನು ನೋಡಿರಲಿಲ್ಲ. ಸಾಕ್ಷಿ ಹೇಳುವವರಿಗೆ ಅಳಲು ಬಿಡುವು ಎಲ್ಲಿರುತ್ತದೆ? ಆಮೇಲೆ ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಎಲೆ ಅಡಿಕೆ ಇದ್ಯಾ ಅಂದರು. "ಹುಡುಗ ಉಂಡ್ನಾ?" ಅಂತ ಕೇಳಿದರು. ಇಂಥ ಮನೆಯಲ್ಲಿ ಹೋಗಿ ಬರ್ತೀನಿ ಅನ್ನಬಾರದಲ್ಲ, ಸುಮ್ಮನೆ ಎದ್ದು ಹೋದರು.

ನಮ್ಮ ಆಫೀಸಿನಲ್ಲಿ ಒಮ್ಮೆ ನೊಂದವರ ಜೊತೆ ಹೇಗೆ ಮಾತಾಡಬೇಕು ಅಂತ ತರಬೇತಿ ಇಟ್ಟಿದ್ದರು. ನಿಮ್ಮ ಕಥೆ ಹೇಳಬೇಡಿ, ಅವರ ಕಥೆಯನ್ನು ನಿಮ್ಮ ಕಡೆ ತಿರುಗಿಸಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ ಅಂತ ಹೇಳಿಕೊಟ್ಟರು. ಸರಿಯಾದ ಮಾತೇ. ಅಜ್ಜಿ ಅದರಲ್ಲಿ ಒಂದನ್ನೂ ಪಾಲಿಸಲಿಲ್ಲ. ತಮ್ಮ ಕಥೆಯನ್ನೇ ಹೇಳಿದರು, ಅದೂ ಜೋರಾಗಿ, ರಾಗವಾಗಿ. ಅದೇ ದಿನ ಮಧ್ಯಾಹ್ನ ಇನ್ನೊಬ್ಬರೂ ತಮ್ಮ ಕಥೆ ಹೇಳಿದ್ದರು. "ನಮ್ಮ ತಮ್ಮನಿಗೂ ಹಿಂಗೇ ಆಯ್ತಮ್ಮಾ. ನಾವು ತಕ್ಷಣ ಮೈಸೂರಿಗೆ ಕರ್ಕೊಂಡು ಹೋಗಿ ಸ್ಟೆಂಟ್ ಹಾಕಿಸಿದ್ವಿ. ಈಗ ನೋಡು, ಗದ್ದೆ ಕೆಲಸ ಮಾಡ್ತಾನೆ." ಎರಡೂ ಸ್ವಂತ ಕಥೆಗಳೇ. ಒಂದು ಕಥೆಯಲ್ಲಿ ಹೇಳಿದವರು ಗೆದ್ದಿದ್ದರು. ಅಜ್ಜಿಯ ಕಥೆಯಲ್ಲಿ ಯಾರೂ ಗೆದ್ದಿರಲಿಲ್ಲ. ನಾನು ತಡ್ಕೊಂಡೆ, ನೀನೂ ತಡ್ಕೋ ಅಂತಲೂ ಅವರು ಹೇಳಲಿಲ್ಲ. ಮೂವತ್ತು ವರ್ಷ ಆದ ಮೇಲೂ ಇದು ಹೀಗೇ ಇರುತ್ತದೆ ಅನ್ನುವುದನ್ನು ತಂದು ಪಕ್ಕದಲ್ಲಿ ಕೂರಿಸಿದರು.

ಹಾಡಿಕೊಂಡು ಅಳುವುದನ್ನು ನಾನು ಹೊಗಳಿ ಅಟ್ಟಕ್ಕೆ ಏರಿಸುವುದಿಲ್ಲ. ಅದರಲ್ಲಿ ತೋರಿಕೆ ಇಲ್ಲ ಅಂತಲ್ಲ. ಯಾರು ಎಷ್ಟು ಅತ್ತರು ಅಂತ ಹೆಂಗಸರು ಲೆಕ್ಕ ಇಡುತ್ತಾರೆ, "ಆ ಸೊಸೆ ಕಣ್ಣಲ್ಲಿ ಒಂದು ಹನಿ ಬರಲಿಲ್ಲ" ಅಂತ ವರ್ಷಗಟ್ಟಲೆ ಆಡುತ್ತಾರೆ. ಗಂಡಸರಿಗೆ ಆ ದಾರಿಯೇ ಇಲ್ಲ. ನಾವು ಹೊರಗೆ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕೆಆರ್‌ಎಸ್‌ನಲ್ಲಿ ಎಷ್ಟು ಅಡಿ ನೀರಿದೆ ಅಂತ ಮಾತಾಡುತ್ತಿದ್ದೆವು. ಭಾವನ ತಮ್ಮ ಮೂರು ದಿನವೂ ಬಾಡಿಗೆ ಪಾತ್ರೆಯ ಲೆಕ್ಕ ನೋಡಿಕೊಂಡೇ ಇದ್ದ. ಅವನನ್ನು ಯಾರೂ ತಬ್ಬಿಕೊಳ್ಳಲಿಲ್ಲ.

ಕೇಳದೇ ಹೋದವರು

ಈಚೆಗೆ ಅಕ್ಕ ಬೆಂಗಳೂರಿಗೆ ಬಂದಿದ್ದಾಗ ಇದನ್ನೆಲ್ಲ ಅವಳ ಹತ್ತಿರ ಮಾತಾಡಿದೆ. ಲರ್ನರ್ ಕಥೆಯನ್ನೂ ಹೇಳಿದೆ. ಜನ ಕೇಳೋದು ಅವರ ಭಯಕ್ಕೆ ಅಕ್ಕ, ನಿನ್ನ ಮೇಲೆ ಏನೂ ಇಲ್ಲ ಅಂದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು.

"ಕೇಳಿದೋರ ಮೇಲೆ ನನಗೇನೂ ಸಿಟ್ಟಿಲ್ಲ ಕಣೋ" ಅಂದಳು. "ಶುಗರ್ ಇತ್ತಾ, ಬಿಪಿ ಇತ್ತಾ ಅಂತ ಕೇಳ್ಕೊಂಡಾದ್ರೂ ಬಂದ್ರಲ್ಲ. ಬಸ್ಸಿಗೆ ದುಡ್ಡು ಹಾಕಿ ಬಂದ್ರು. ಇವರ ಆಫೀಸಿನೋರು ಬಂದಿದ್ದು ಲ್ಯಾಪ್‌ಟಾಪ್ ತಗೊಂಡು ಹೋಗೋಕೆ. ಬಾಗಿಲಲ್ಲೇ ನಿಂತ್ಕೊಂಡು ಸೈನ್ ಹಾಕಿಸ್ಕೊಂಡ್ರು. ಹೆಂಗಿದ್ದೀರಿ ಅಂತ ಒಂದು ಮಾತಿಲ್ಲ. ನಮ್ಮ ಎದುರು ಮನೆಯೋಳು ಇದ್ದಾಳಲ್ಲ, ದಿನಾ ಸಂಜೆ ನಮ್ಮ ಜಗುಲಿ ಮೇಲೇ ಕೂರ್ತಿದ್ದೋಳು. ಇವರು ಹೋದ ಮೇಲೆ ನನ್ನ ನೋಡಿದ್ರೆ ಆ ಕಡೆ ಬೀದಿಗೆ ಹೋಗ್ತಾಳೆ. ಗ್ರೂಪಲ್ಲಿ ಓಂ ಶಾಂತಿ ಅಂತ ಹಾಕಿದ್ಲು, ಅಷ್ಟೇ."

ಏನು ಮಾತಾಡಬೇಕು ಅಂತ ಗೊತ್ತಾಗಿರಲ್ಲ ಅಕ್ಕ, ಹೆದರಿರಬೇಕು ಪಾಪ ಅಂದೆ.

"ಹೆದರಲಿ. ಹೆದರ್ಕೊಂಡೇ ಬಂದು ಕೂರಬಹುದಿತ್ತಲ್ಲ." ಸೊಪ್ಪಿನ ಕಡ್ಡಿಗಳನ್ನು ಪೇಪರಿನಲ್ಲಿ ಸುತ್ತಿದಳು. "ಮುಂದಿನ ವಾರ ಅವಳ ಮಗಳ ಮನೆ ಗೃಹಪ್ರವೇಶ ಅಂತೆ. ಕಾರ್ಡನ್ನ ಕಾಂಪೌಂಡಿಗೆ ಸಿಕ್ಕಿಸಿ ಹೋಗಿದ್ದಾಳೆ. ನಾನಂತೂ ಹೋಗಲ್ಲ. ನಿನಗೆ ಬೇಕಾದ್ರೆ ಹೋಗು."